ಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಕಂಡ ವಿಜ್ಞಾನಿ

ಮೆಣಸಿನಕಾಯಿ ಎಂದೊಡನೆ ನಮ್ಮ ರೈತರ ಮನಸ್ಸಿಗೆ ಬರುವುದು ಖಾರ, ಬಣ್ಣ ಮತ್ತು ಪೇಟೆಯ ಧಾರಣೆ. ಅದರಲ್ಲಿ ಔಷಧದ ಗುಣವುಂಟೇ ಎಂದು ಯೋಚಿಸುವವರು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದೇ ಹೀಗೆ. ಆದರೆ ಹಂಗೆರಿ ದೇಶದ ಒಬ್ಬ ವಿಜ್ಞಾನಿ, ಹತ್ತಾರು ವರ್ಷ ನಾಲ್ಕಾರು ದೇಶ ಸುತ್ತಿ ಹುಡುಕಿದ ವಸ್ತುವನ್ನು ಕೊನೆಗೆ ತಮ್ಮ ಊರಿನ ರೈತರು ಗಾಡಿಗಟ್ಟಲೆ ಬೆಳೆಯುತ್ತಿದ್ದ ಕೆಂಪು ಮೆಣಸಿನಕಾಯಿಯಲ್ಲಿ ಕಂಡರು. ಅವರೇ ಆಲ್ಬರ್ಟ್ ಸೆಂಟ್ ಗ್ಯೋರ್ಗಿ. 1937ರ ವೈದ್ಯಕೀಯ ನೊಬೆಲ್ ಪಾರಿತೋಷಕ ಪಡೆದವರು.

ಇತ್ತೀಚಿನ ವರ್ಷಗಳಲ್ಲಿ, ಅದರಲ್ಲೂ 2020ರ ಕೊರೋನಾ ಪಿಡುಗಿನ ನಂತರ, ಯಾವ ಸೊಪ್ಪು ತಿಂದರೆ, ಯಾವ ಹಣ್ಣಿನ ರಸ ಕುಡಿದರೆ ವೈರಾಣು ಮೈಗೆ ತಗಲುವುದಿಲ್ಲ ಎಂದು ಹಳ್ಳಿಗಳಲ್ಲಿ ಕೇಳುವವರು ಹೆಚ್ಚಾಗಿದ್ದಾರೆ. ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಸೆಂಟ್ ಗ್ಯೋರ್ಗಿಯವರ ಜೀವನ ನಮಗೆ ಒಳ್ಳೆಯ ಪಾಠ. ಸಸ್ಯಗಳಲ್ಲಿ ಏನಿದೆ, ಅದು ನಮ್ಮ ದೇಹಕ್ಕೆ ಎಷ್ಟರ ಮಟ್ಟಿಗೆ ಒದಗುತ್ತದೆ, ಎಲ್ಲಿಗೆ ಅದರ ಶಕ್ತಿ ಮುಗಿಯುತ್ತದೆ ಎಂಬ ಮೂರೂ ಸಂಗತಿಗಳು ಅವರ ಬಾಳಿನ ಕಥೆಯಲ್ಲೇ ಅಡಗಿವೆ.

ದಡ್ಡನೆನಿಸಿಕೊಂಡ ಹುಡುಗ

ಸೆಂಟ್ ಗ್ಯೋರ್ಗಿ ಹುಟ್ಟಿದ್ದು 1893ರ ಸೆಪ್ಟೆಂಬರ್ 16ರಂದು, ಬುಡಾಪೆಸ್ಟ್ ನಗರದಲ್ಲಿ. ತಂದೆ ಜಮೀನುದಾರರು. ತಾಯಿಯ ತವರು ವಿದ್ವಾಂಸರ ಮನೆತನ. ಸೋದರಮಾವ ಮಿಹಾಯ್ ಲೆನ್‌ಹೊಸೆಕ್ ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕರು. ಹುಡುಗನಿಗೆ ಚಿಕ್ಕಂದಿನಲ್ಲಿ ಓದಿನ ಕಡೆ ಗಮನವೇ ಇರಲಿಲ್ಲ. ಇವನು ಉದ್ಧಾರವಾಗುವವನಲ್ಲ ಎಂದೇ ಸೋದರಮಾವನ ಎಣಿಕೆ. ಹದಿನಾರರ ವಯಸ್ಸಿನ ಸುಮಾರಿಗೆ ಹುಡುಗನಿಗೆ ಓದಿನ ಹುಚ್ಚು ಹಿಡಿಯಿತು. ವಿಜ್ಞಾನವನ್ನೇ ಕಲಿಯುವುದಾಗಿ ಹಟ ಹಿಡಿದು 1911ರಲ್ಲಿ ವೈದ್ಯಕೀಯ ಕಾಲೇಜು ಸೇರಿದರು.

ಓದು ಮುಗಿಯುವ ಮೊದಲೇ 1914ರಲ್ಲಿ ಮೊದಲನೆಯ ಮಹಾಯುದ್ಧ ಬಂದೊದಗಿತು. ಸೈನ್ಯದ ವೈದ್ಯ ದಳದಲ್ಲಿ ಅವರು ಎರಡು ವರ್ಷ ಕಳೆದರು. ಕಣ್ಣೆದುರಿಗೇ ಜನ ಹುಳುಗಳಂತೆ ಸಾಯುವುದನ್ನು ನೋಡಿ ಅವರಿಗೆ ಯುದ್ಧದ ಮೇಲೆ ಹೇಸಿಗೆ ಬಂತು. ಗೆಲ್ಲಲಾರದ ಯುದ್ಧಕ್ಕಾಗಿ ಪ್ರಾಣ ಕೊಡುವುದು ವ್ಯರ್ಥವೆನಿಸಿ, 1916ರಲ್ಲಿ ತಮ್ಮ ತೋಳಿಗೆ ತಾವೇ ಗುಂಡು ಹೊಡೆದುಕೊಂಡು, ಶತ್ರುವಿನ ಗುಂಡು ತಗಲಿತೆಂದು ಹೇಳಿ ಊರಿಗೆ ಮರಳಿದರು. ಮರುವರ್ಷ ವೈದ್ಯಕೀಯ ಪದವಿ ಕೈಸೇರಿತು. ಅದೇ ವರ್ಷ ಮದುವೆಯೂ ಆಯಿತು.

ಯುದ್ಧ ಮುಗಿದಾಗ ಹಂಗೆರಿ ಸೋತಿತ್ತು, ದೇಶ ತುಂಡಾಗಿತ್ತು, ಮನೆಯ ಆಸ್ತಿಯೂ ಕರಗಿತ್ತು. ಹೆಂಡತಿ ಮತ್ತು ಪುಟ್ಟ ಮಗಳನ್ನು ಕಟ್ಟಿಕೊಂಡು ಸೆಂಟ್ ಗ್ಯೋರ್ಗಿ ಊರೂರು ಅಲೆದರು. ಪ್ರಾಗ್, ಬರ್ಲಿನ್, ಹ್ಯಾಂಬರ್ಗ್, ಅಲ್ಲಿಂದ ಹಾಲೆಂಡಿನ ಲೈಡನ್, ಕೊನೆಗೆ ಗ್ರೋನಿಂಗನ್. ಎಲ್ಲೆಡೆಯೂ ಸಣ್ಣ ಸಂಬಳ, ದೊಡ್ಡ ಹಸಿವು. ಆದರೂ ಪ್ರಯೋಗಾಲಯದ ಕೆಲಸ ಮಾತ್ರ ಬಿಡಲಿಲ್ಲ.

ಹೆಚ್ಚಿದ ತರಕಾರಿ ಕಪ್ಪಾಗುವುದೇಕೆ?

ಗ್ರೋನಿಂಗನ್ನಿನಲ್ಲಿ ಅವರು ಹಿಡಿದ ಪ್ರಶ್ನೆ ನಮ್ಮ ಹೆಣ್ಣುಮಕ್ಕಳು ದಿನವೂ ಅಡುಗೆಮನೆಯಲ್ಲಿ ನೋಡುವಂಥದ್ದು. ಆಲೂಗಡ್ಡೆ, ಸೇಬು, ಬಾಳೆಹಣ್ಣುಗಳನ್ನು ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಂದುಬಣ್ಣಕ್ಕೆ ತಿರುಗುತ್ತವೆ. ನಮ್ಮ ಬದನೆಕಾಯಿಯೂ ಹಾಗೆಯೇ. ಆದರೆ ನಿಂಬೆ, ಕಿತ್ತಳೆ, ಎಲೆಕೋಸುಗಳನ್ನು ಕತ್ತರಿಸಿಟ್ಟರೆ ಹಾಗೆ ಬಣ್ಣ ಕೆಡುವುದಿಲ್ಲ. ಏಕೆ?

ಗಾಳಿಯಲ್ಲಿರುವ ಆಮ್ಲಜನಕ ಕತ್ತರಿಸಿದ ಭಾಗದ ಮೇಲೆ ಕೆಲಸ ಮಾಡುವುದರಿಂದ ಈ ಕಂದು ಬಣ್ಣ ಬರುತ್ತದೆ. ನಿಂಬೆ, ಎಲೆಕೋಸುಗಳ ರಸದಲ್ಲಿ ಈ ಕ್ರಿಯೆಯನ್ನು ತಡೆಹಿಡಿಯುವ ಯಾವುದೋ ಒಂದು ವಸ್ತು ಇರಬೇಕೆಂದು ಅವರು ಊಹಿಸಿದರು. ಪ್ರಯೋಗ ನಳಿಕೆಯಲ್ಲಿ ಬಣ್ಣ ಬರುವ ಕ್ರಿಯೆಯೊಂದನ್ನು ಮಾಡಿ ಅದಕ್ಕೆ ಈ ರಸ ಬೆರೆಸಿದರೆ, ಬಣ್ಣ ಬರುವುದು ಒಂದಷ್ಟು ಹೊತ್ತು ತಡವಾಗುತ್ತಿತ್ತು. ಇಂಥದೇ ವಸ್ತು ಪ್ರಾಣಿಗಳ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿಯೂ ಇತ್ತು. ಈ ಗ್ರಂಥಿ ಕೆಟ್ಟ ರೋಗಿಗಳ ಚರ್ಮ ಕಂದುಬಣ್ಣಕ್ಕೆ ತಿರುಗುವುದನ್ನು ಕಂಡೇ ಅವರ ಗಮನ ಆ ಕಡೆ ಹರಿದಿತ್ತು.

ಇಷ್ಟರಲ್ಲಿ ಅವರನ್ನು ಬೆಂಬಲಿಸುತ್ತಿದ್ದ ಪ್ರಾಧ್ಯಾಪಕ ಹ್ಯಾಂಬರ್ಗರ್ 1924ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದವರಿಗೆ ಈ ಕೆಲಸದಲ್ಲಿ ಆಸಕ್ತಿಯಿರಲಿಲ್ಲ. ಕೆಲಸ ಹೋಯಿತು. ಹೆಂಡತಿ ಮಗಳನ್ನು ತವರಿಗೆ ಕಳುಹಿಸಿದ ಸೆಂಟ್ ಗ್ಯೋರ್ಗಿಗೆ ಬದುಕೇ ಬೇಡವೆನಿಸಿತ್ತು. ಕೊನೆಯ ಬಾರಿಗೆ ಎಂಬಂತೆ 1926ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಶರೀರಕ್ರಿಯಾ ಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋದರು. ಅಲ್ಲಿ ಅಧ್ಯಕ್ಷ ಭಾಷಣ ಮಾಡಿದ ಇಂಗ್ಲೆಂಡಿನ ಪ್ರಖ್ಯಾತ ವಿಜ್ಞಾನಿ ಫ್ರೆಡರಿಕ್ ಹಾಪ್‌ಕಿನ್ಸ್ ತಮ್ಮ ಭಾಷಣದಲ್ಲಿ ಈ ಅಪರಿಚಿತ ಯುವಕನ ಕೆಲಸವನ್ನು ಹೆಸರಿಸಿ ಮೆಚ್ಚಿದರು. ಭಾಷಣ ಮುಗಿದ ಮೇಲೆ ಸೆಂಟ್ ಗ್ಯೋರ್ಗಿ ಧೈರ್ಯ ಮಾಡಿ ಹೋಗಿ ತಾನೇ ಆ ವ್ಯಕ್ತಿ ಎಂದು ಪರಿಚಯಿಸಿಕೊಂಡರು. ಹಾಪ್‌ಕಿನ್ಸ್ ಅವರನ್ನು ಕೇಂಬ್ರಿಜ್‌ಗೆ ಕರೆದರು. ರಾಕ್‌ಫೆಲರ್ ಸಂಸ್ಥೆಯ ವಿದ್ಯಾರ್ಥಿವೇತನವೂ ದೊರಕಿತು. ಮುಳುಗುತ್ತಿದ್ದವನಿಗೆ ದಡ ಸಿಕ್ಕಂತಾಯಿತು.

ಹೆಸರಿಲ್ಲದ ಹರಳು

ಕೇಂಬ್ರಿಜ್‌ನಲ್ಲಿ ಅವರು ಆ ವಸ್ತುವನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ನೋಡಿದರೆ ಸಕ್ಕರೆಯ ಜಾತಿಯಂತಿತ್ತು, ಆದರೆ ಯಾವ ಸಕ್ಕರೆಯೆಂದು ತಿಳಿಯದು. ತಮಾಷೆಯ ಸ್ವಭಾವದ ಸೆಂಟ್ ಗ್ಯೋರ್ಗಿ ಗೊತ್ತಿಲ್ಲದ ಸಕ್ಕರೆ ಎಂಬರ್ಥ ಬರುವ ಹೆಸರಿಟ್ಟು ಲೇಖನ ಕಳುಹಿಸಿದರು. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ದೇವರೇ ಬಲ್ಲ ಎಂಬ ಅರ್ಥದ ಇನ್ನೊಂದು ಹೆಸರು ಸೂಚಿಸಿದರು. ಅದೂ ತಿರಸ್ಕೃತವಾಯಿತು. ಕೊನೆಗೆ 1928ರಲ್ಲಿ ಹೆಕ್ಸುರಾನಿಕ್ ಆಮ್ಲ ಎಂಬ ಗಂಭೀರ ಹೆಸರಿನಲ್ಲಿ ಲೇಖನ ಅಚ್ಚಾಯಿತು.

ಮುಂದಿನ ತೊಂದರೆ ಸರಕಿನದು. ವಸ್ತುವಿನ ರಚನೆ ತಿಳಿಯಬೇಕಾದರೆ ಅದು ಸಾಕಷ್ಟು ಕೈಯಲ್ಲಿರಬೇಕು. ನಿಂಬೆ, ಕಿತ್ತಳೆ ರಸದಲ್ಲಿ ಸಕ್ಕರೆ ಅಂಶ ಬೆರೆತಿದ್ದುದರಿಂದ ಇದನ್ನು ಬೇರ್ಪಡಿಸುವುದು ಬಹಳ ಕಷ್ಟ. ಹೀಗಾಗಿ ಅವರು ಅಮೆರಿಕದ ಮಿನ್ನೆಸೋಟಕ್ಕೆ ಹೋಗಿ, ಅಲ್ಲಿನ ದೊಡ್ಡ ಕಸಾಯಿಖಾನೆಗಳಿಂದ ದನಗಳ ಅಡ್ರಿನಲ್ ಗ್ರಂಥಿಗಳನ್ನು ತರಿಸಿ ದುಡಿದರು. ಅಷ್ಟೆಲ್ಲ ದುಡಿದರೂ ಸಿಕ್ಕಿದ್ದು ಸುಮಾರು 25 ಗ್ರಾಂ ಹರಳು. ಅದರಲ್ಲಿ ಒಂದು ಪಾಲನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ರಸಾಯನ ತಜ್ಞ ಹಾವರ್ತ್ ಅವರಿಗೆ ಕಳುಹಿಸಿದರು. ರಚನೆ ಬಿಡಿಸಲು ಅದು ಸಾಲದೇ ಹೋಯಿತು.

ಅಷ್ಟರಲ್ಲಿ ಹಂಗೆರಿಯ ವಿದ್ಯಾಮಂತ್ರಿ ಕ್ಲೆಬೆಲ್ಸ್‌ಬರ್ಗ್ ಅವರಿಂದ ಕರೆ ಬಂದಿತ್ತು. ಸೆಗೆಡ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ. ಹೊರದೇಶದ ಅನುಕೂಲ ಬಿಟ್ಟು ಸೆಂಟ್ ಗ್ಯೋರ್ಗಿ ತಾಯ್ನಾಡಿಗೆ ಮರಳಿದರು.

ಬಾಳನ್ನೇ ಬದಲಿಸಿದ ಮೆಣಸಿನಕಾಯಿ

1931ರಲ್ಲಿ ಸ್ವಿರ್ಬೆಲಿ ಎಂಬ ತರುಣ ಅಮೆರಿಕದಿಂದ ಸೆಗೆಡ್‌ಗೆ ಬಂದ. ಪಿಟ್ಸ್‌ಬರ್ಗಿನಲ್ಲಿ ಚಾರ್ಲ್ಸ್ ಕಿಂಗ್ ಎಂಬ ವಿಜ್ಞಾನಿಯ ಬಳಿ ಸಿ ಜೀವಸತ್ವದ (ವಿಟಮಿನ್ ಸಿ) ಮೇಲೆ ಕೆಲಸ ಮಾಡಿದ್ದವನು. ಯಾವ ಆಹಾರದಲ್ಲಿ ಈ ಜೀವಸತ್ವ ಇದೆ, ಯಾವುದರಲ್ಲಿ ಇಲ್ಲ ಎಂದು ಪರೀಕ್ಷಿಸುವುದನ್ನು ಬಲ್ಲವನು.

ಸಿ ಜೀವಸತ್ವದ ಕಥೆ ಹಳೆಯದು. ತಿಂಗಳುಗಟ್ಟಲೆ ಹಡಗಿನಲ್ಲಿದ್ದು ಹಸಿ ತರಕಾರಿ, ಹಣ್ಣು ಕಾಣದ ನಾವಿಕರಿಗೆ ವಸಡು ಊದಿ ರಕ್ತ ಸುರಿಯುವ, ಹಳೆಯ ಗಾಯಗಳು ಬಾಯಿ ಬಿಡುವ ಸ್ಕರ್ವಿ ರೋಗ ಬರುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ಕಿತ್ತಳೆ, ನಿಂಬೆ ಕೊಟ್ಟು ಇದು ವಾಸಿಯಾಗುವುದನ್ನು ತೋರಿಸಿದ್ದರು. ಆದರೆ ನಿಂಬೆಯಲ್ಲಿರುವ ಆ ಗುಣದ ವಸ್ತು ಯಾವುದು ಎಂಬುದು ಸುಮಾರು 185 ವರ್ಷ ಕಳೆದರೂ ಗೊತ್ತಾಗಿರಲಿಲ್ಲ.

ಸೆಂಟ್ ಗ್ಯೋರ್ಗಿಗೆ ಅಲ್ಲಿಯವರೆಗೆ ಜೀವಸತ್ವಗಳ ಬಗ್ಗೆ ಉಪೇಕ್ಷೆಯೇ ಇತ್ತು. ಅದು ಅಡುಗೆಯವರ ವಿಷಯವೆಂದು ಭಾವಿಸಿದ್ದರು. ಆದರೂ ತಮ್ಮ ಬಳಿ ಉಳಿದಿದ್ದ ಹರಳನ್ನು ಪರೀಕ್ಷಿಸಲು ಸ್ವಿರ್ಬೆಲಿಯ ಕೈಗೆ ಕೊಟ್ಟರು. ಮನುಷ್ಯರಂತೆ ಗಿನಿಪಿಗ್ ಎಂಬ ಸಣ್ಣ ಪ್ರಾಣಿಯೂ ತನ್ನ ದೇಹದಲ್ಲಿ ಸಿ ಜೀವಸತ್ವವನ್ನು ತಯಾರಿಸಿಕೊಳ್ಳಲಾರದು. ದನ, ಕುರಿ, ನಾಯಿಗಳು ತಯಾರಿಸಿಕೊಳ್ಳಬಲ್ಲವು. ಆದ್ದರಿಂದ ಪರೀಕ್ಷೆಗೆ ಗಿನಿಪಿಗ್ಗೇ ಬೇಕು. ಸಿ ಜೀವಸತ್ವವಿಲ್ಲದ ಆಹಾರ ತಿಂದ ಗಿನಿಪಿಗ್‌ಗಳು ಸ್ಕರ್ವಿಯಿಂದ ಸತ್ತವು. ಅದೇ ಆಹಾರದ ಜೊತೆಗೆ ದಿನವೂ ಚಿಟಿಕೆಗಿಂತ ಕಡಿಮೆ ಹರಳು ತಿಂದವು ಆರೋಗ್ಯವಾಗಿ ಬೆಳೆದವು. ಹೆಸರಿಲ್ಲದ ಆ ಹರಳೇ ಸಿ ಜೀವಸತ್ವವೆಂಬುದು ಖಚಿತವಾಯಿತು.

1932ರ ಏಪ್ರಿಲ್‌ನಲ್ಲಿ ಇದು ಪ್ರಕಟವಾಯಿತು. ಅದಕ್ಕೆ ಎರಡು ವಾರ ಮುಂಚೆ ಅಮೆರಿಕದಲ್ಲಿ ಕಿಂಗ್ ಕೂಡ ನಿಂಬೆರಸದಿಂದ ಸಿ ಜೀವಸತ್ವ ಬೇರ್ಪಡಿಸಿದ್ದಾಗಿಯೂ, ಅದು ಹೆಕ್ಸುರಾನಿಕ್ ಆಮ್ಲವೇ ಎಂದೂ ಪ್ರಕಟಿಸಿದ್ದರು. ಮೊದಲು ಕಂಡವರಾರು ಎಂಬ ಜಗಳ ಬಹಳ ಕಾಲ ನಡೆಯಿತು. ಇಬ್ಬರ ಕೆಲಸಕ್ಕೂ ಬೆಲೆಯುಂಟೆಂದು ಇಂದು ತಿಳಿದವರು ಒಪ್ಪುತ್ತಾರೆ.

ಗೊತ್ತೇನೋ ಆಯಿತು, ಆದರೆ ಕೈಯಲ್ಲಿ ಹರಳು ಮುಗಿದಿತ್ತು. ಆಗಲೇ ಸೆಗೆಡ್‌ನ ಮೆಣಸಿನಕಾಯಿ ನೆರವಿಗೆ ಬಂದದ್ದು. ಸೆಗೆಡ್ ಸುತ್ತಿನ ಹಳ್ಳಿಗಳು ಪಾಪ್ರಿಕಾ ಎಂಬ ಕೆಂಪು ಮೆಣಸಿನಕಾಯಿಗೆ ಹೆಸರುವಾಸಿ. ಸುಗ್ಗಿಯಲ್ಲಿ ಮನೆ ಮನೆಯ ಗೋಡೆಗೂ ಮೆಣಸಿನಕಾಯಿಯ ಸರ ತೂಗುಬಿಡುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿ ಪಾಪ್ರಿಕಾ ಬಡಿಸಿದರು. ಸೆಂಟ್ ಗ್ಯೋರ್ಗಿಗೆ ಅದು ಬೇಡವಾಗಿತ್ತು. ತಿನ್ನುವುದಿಲ್ಲ ಎನ್ನಲು ಸಂಕೋಚ. ಇದನ್ನು ಇನ್ನೂ ಪರೀಕ್ಷಿಸಿಲ್ಲವೆಂಬ ನೆಪ ಹೊಳೆಯಿತು. ತಟ್ಟೆಯಲ್ಲಿದ್ದುದನ್ನು ಹಾಗೆಯೇ ಪ್ರಯೋಗಾಲಯಕ್ಕೆ ಒಯ್ದರು. ನಡುರಾತ್ರಿಯ ಹೊತ್ತಿಗೆ ಅದು ಸಿ ಜೀವಸತ್ವದ ಕಣಜವೆಂದು ತಿಳಿದುಹೋಗಿತ್ತು. ನಿಂಬೆಯಲ್ಲಿ ಕಾಟ ಕೊಡುತ್ತಿದ್ದ ಸಕ್ಕರೆಯ ತೊಡಕೂ ಇದರಲ್ಲಿ ಇರಲಿಲ್ಲ.

ಕೆಲವೇ ವಾರಗಳಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ಶುದ್ಧ ಹರಳು ತಯಾರಾಯಿತು. ಸಾವಿರಾರು ದನಗಳ ಗ್ರಂಥಿಯಿಂದ 25 ಗ್ರಾಂ ಸಿಕ್ಕಿದ್ದೆಲ್ಲಿ, ರೈತರ ಹೊಲದ ಮೆಣಸಿನಕಾಯಿಯಿಂದ ಸಿಕ್ಕ ಒಂದೂವರೆ ಕಿಲೋ ಎಲ್ಲಿ! ಸೆಂಟ್ ಗ್ಯೋರ್ಗಿ ಈ ಹರಳನ್ನು ಬಚ್ಚಿಟ್ಟು ವ್ಯಾಪಾರ ಮಾಡಲಿಲ್ಲ. ಕೆಲಸ ಮಾಡಬಯಸಿದ ವಿಜ್ಞಾನಿಗಳಿಗೆಲ್ಲ ಹಂಚಿದರು. ಹಾವರ್ತ್ 1933ರಲ್ಲಿ ಇದರ ರಚನೆ ಬಿಡಿಸಿದರು. ಸ್ಕರ್ವಿಯನ್ನು ತಡೆಯುವುದು ಎಂಬ ಅರ್ಥದಲ್ಲಿ ಆಸ್ಕಾರ್ಬಿಕ್ ಆಮ್ಲ ಎಂಬ ಹೆಸರು ಬಂತು. 1937ರಲ್ಲಿ ಸೆಂಟ್ ಗ್ಯೋರ್ಗಿಗೆ ವೈದ್ಯಕೀಯ ನೊಬೆಲ್ ದೊರೆತರೆ, ಅದೇ ವರ್ಷ ಹಾವರ್ತ್ ಅವರಿಗೆ ರಸಾಯನ ಶಾಸ್ತ್ರದ ನೊಬೆಲ್‌ನಲ್ಲಿ ಪಾಲು ದೊರೆಯಿತು.

ಪಿ ಜೀವಸತ್ವದ ಪ್ರಸಂಗ

ನಮ್ಮ ವಿಷಯಕ್ಕೆ ಬಹಳ ಹತ್ತಿರವಾದ ಪ್ರಸಂಗ ಇದು. ಚರ್ಮದ ಕೆಳಗಿನ ಸೂಕ್ಷ್ಮ ರಕ್ತನಾಳಗಳು ಒಡೆದು ರಕ್ತ ಒಸರುವ ಕಾಯಿಲೆಗೆ ಮೊದಲು ಶುದ್ಧವಲ್ಲದ ಸಸ್ಯರಸ ಕೊಟ್ಟಾಗ ಗುಣ ಕಂಡಿತ್ತು. ಶುದ್ಧ ಹರಳು ಕೈಗೆ ಬಂದ ಮೇಲೆ ಇನ್ನೂ ಚೆನ್ನಾಗಿ ವಾಸಿಯಾಗಬೇಕಲ್ಲ ಎಂದು ಅದನ್ನು ಕೊಟ್ಟರೆ, ಏನೂ ಪ್ರಯೋಜನವಾಗಲಿಲ್ಲ. ಹಾಗಾದರೆ ಮೆಣಸಿನಕಾಯಿ, ನಿಂಬೆಗಳಲ್ಲಿ ಸಿ ಜೀವಸತ್ವದ ಜೊತೆಗೆ ಬೇರೇನೋ ಇದೆ ಎಂದಾಯಿತು. 1936ರಲ್ಲಿ ಸೆಂಟ್ ಗ್ಯೋರ್ಗಿ ಮತ್ತು ವೈದ್ಯ ರುಸ್ನ್ಯಾಕ್ ಅವರು ಇದು ಫ್ಲೇವನಾಯ್ಡ್ ಎಂಬ ಗುಂಪಿನ ಸಸ್ಯವಸ್ತು ಎಂದು ಹೇಳಿ ಪಿ ಜೀವಸತ್ವ ಎಂದು ಕರೆದರು.

ಫ್ಲೇವನಾಯ್ಡ್‌ಗಳು ಗಿಡಗಳ ಹೂವು, ಹಣ್ಣು, ಎಲೆಗಳಲ್ಲಿರುವ ವಸ್ತುಗಳು. ಹಲವಕ್ಕೆ ಹಳದಿ ಬಣ್ಣ. ಬಿಸಿಲಿನ ತೀವ್ರತೆ, ಕೀಟ, ಶಿಲೀಂಧ್ರಗಳಿಂದ ಗಿಡ ತನ್ನನ್ನು ರಕ್ಷಿಸಿಕೊಳ್ಳಲು ಇವು ನೆರವಾಗುತ್ತವೆ. ಈರುಳ್ಳಿಯಲ್ಲಿ ಕ್ವೆರ್ಸೆಟಿನ್, ಕಿತ್ತಳೆ ನಿಂಬೆಗಳ ಸಿಪ್ಪೆ ಮತ್ತು ಬಿಳಿ ತಿರುಳಿನಲ್ಲಿ ಹೆಸ್ಪೆರಿಡಿನ್ ಹೆಚ್ಚಾಗಿವೆ. ಮೆಣಸಿನಕಾಯಿಯಲ್ಲೂ ಕ್ವೆರ್ಸೆಟಿನ್ ಉಂಟು.

ಆದರೆ ಪಿ ಜೀವಸತ್ವದ ಪ್ರಯೋಗಗಳನ್ನು ಇತರರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಖಚಿತವಾಗಿ ಸಿಗಲಿಲ್ಲ. ಅದಿಲ್ಲದಿದ್ದರೆ ಇಂಥ ರೋಗ ಬರುತ್ತದೆಂದು ತೋರಿಸಲಾಗಲಿಲ್ಲ. ಹಾಗೆ ತೋರಿಸಲಾಗದ ವಸ್ತುವನ್ನು ಜೀವಸತ್ವ ಎನ್ನುವಂತಿಲ್ಲ. 1950ರಲ್ಲಿ ಅಮೆರಿಕದ ತಜ್ಞರ ಸಮಿತಿ ಆ ಹೆಸರನ್ನೇ ಕೈಬಿಡುವಂತೆ ಶಿಫಾರಸು ಮಾಡಿತು. ನೊಬೆಲ್ ಪಡೆದವರು ಹೇಳಿದರೆಂಬ ಕಾರಣಕ್ಕೆ ಯಾವುದೂ ಸತ್ಯವಾಗುವುದಿಲ್ಲ, ಬೇರೆಯವರ ಕೈಯಲ್ಲೂ ಅದೇ ಫಲ ಬರಬೇಕು. ಒಬ್ಬ ರೈತರ ಹೊಲದಲ್ಲಿ ಒಂದು ವರ್ಷ ಹೆಚ್ಚು ಇಳುವರಿ ಕೊಟ್ಟ ಬೀಜವನ್ನು ನಾಲ್ಕು ಕಡೆ, ನಾಲ್ಕು ಹಂಗಾಮಿನಲ್ಲಿ ಪರೀಕ್ಷಿಸದೆ ಶಿಫಾರಸು ಮಾಡದಿರುವುದು ಇದೇ ಕಾರಣದಿಂದ.

ಯುದ್ಧ, ಭೂಗತ ಬದುಕು, ವಲಸೆ

ಸೆಂಟ್ ಗ್ಯೋರ್ಗಿ ಪ್ರಯೋಗಾಲಯದಲ್ಲಷ್ಟೇ ಕಾಲ ಕಳೆದವರಲ್ಲ. 1939ರ ಕೊನೆಯಲ್ಲಿ ಸೋವಿಯತ್ ರಷ್ಯ ಫಿನ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ತಮ್ಮ ನೊಬೆಲ್ ಚಿನ್ನದ ಪದಕವನ್ನೇ ಫಿನ್ಲೆಂಡಿನ ಜನರ ನೆರವಿಗಾಗಿ ಕೊಟ್ಟುಬಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಹಂಗೆರಿ ಜರ್ಮನಿಯ ಕಡೆ ಸೇರಿದ್ದರೂ ಇವರು ನಾಜಿಗಳ ವಿರೋಧಿ. 1943ರಲ್ಲಿ ಉಪನ್ಯಾಸದ ನೆಪದಿಂದ ಇಸ್ತಾಂಬುಲ್‌ಗೆ ಹೋಗಿ, ಹಂಗೆರಿಯನ್ನು ಜರ್ಮನಿಯ ಹಿಡಿತದಿಂದ ಬಿಡಿಸುವ ಬಗ್ಗೆ ಮಿತ್ರರಾಷ್ಟ್ರಗಳ ಕಡೆಯವರೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು. ಗುಟ್ಟು ಜರ್ಮನರಿಗೆ ತಿಳಿಯಿತು. ಹಿಟ್ಲರನೇ ಇವರನ್ನು ಹಿಡಿಯಬೇಕೆಂದು ಆಜ್ಞೆ ಮಾಡಿದ. ಯುದ್ಧದ ಕೊನೆಯ ತಿಂಗಳುಗಳನ್ನು ಅವರು ಮನೆಯಿಂದ ಮನೆಗೆ ಅಡಗಿಕೊಂಡು ಕಳೆದರು. ಸ್ವೀಡನ್ ದೇಶದ ರಾಯಭಾರ ಕಚೇರಿ ಬೇರೆ ಹೆಸರಿನಲ್ಲಿ ಕಾಗದಪತ್ರ ಮಾಡಿಕೊಟ್ಟು ಕಾಪಾಡಿತು.

ಇಷ್ಟೆಲ್ಲದರ ನಡುವೆ, ಸ್ನಾಯು ಹೇಗೆ ಬಿಗಿಯುತ್ತದೆ, ಹೇಗೆ ಸಡಿಲುತ್ತದೆ ಎಂಬುದರ ಮೇಲೆ ಸೆಗೆಡ್‌ನಲ್ಲಿ ಅವರೂ ಅವರ ಶಿಷ್ಯರೂ ಮಾಡಿದ ಕೆಲಸ ಇಂದಿಗೂ ಆಧಾರವಾಗಿದೆ. ಮಯೋಸಿನ್ ಮತ್ತು ಆಕ್ಟಿನ್ ಎಂಬ ಎರಡು ಪ್ರೋಟೀನುಗಳು ಸೇರಿ ಸ್ನಾಯುವನ್ನು ಎಳೆಯುತ್ತವೆಂದು ಅವರು ತೋರಿಸಿದರು. ಇದಕ್ಕಾಗಿ 1954ರಲ್ಲಿ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ ಬಂತು.

ಯುದ್ಧಾನಂತರ ಹಂಗೆರಿಯಲ್ಲಿ ಕಮ್ಯುನಿಸ್ಟರ ಹಿಡಿತ ಬಿಗಿಯಾದಂತೆ ಅವರಿಗೆ ಅಲ್ಲಿ ಉಸಿರುಕಟ್ಟಿತು. 1947ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಸಮುದ್ರ ತೀರದ ವುಡ್ಸ್ ಹೋಲ್ ಎಂಬ ಊರಿನಲ್ಲಿ ನೆಲೆಸಿದರು. ಅವರ ಎರಡನೆಯ ಪತ್ನಿಯನ್ನೂ ಒಬ್ಬಳೇ ಮಗಳನ್ನೂ 1960ರ ದಶಕದಲ್ಲಿ ಕ್ಯಾನ್ಸರ್ ಬಲಿ ತೆಗೆದುಕೊಂಡಿತು. ಮುಂದಿನ ಆಯುಷ್ಯವನ್ನೆಲ್ಲ ಅವರು ಕ್ಯಾನ್ಸರ್ ಸಂಶೋಧನೆಗೇ ಮುಡಿಪಿಟ್ಟರು. ಬಯಸಿದ ಮದ್ದು ಸಿಗಲಿಲ್ಲ. ಅಣ್ವಸ್ತ್ರ ಮತ್ತು ವಿಯೆಟ್ನಾಂ ಯುದ್ಧದ ವಿರುದ್ಧ ಮುದಿವಯಸ್ಸಿನಲ್ಲೂ ದನಿಯೆತ್ತಿದರು. 1978ರಲ್ಲಿ ಅಮೆರಿಕ ಹಂಗೆರಿಯ ಪುರಾತನ ರಾಜಮುಕುಟವನ್ನು ಹಿಂದಿರುಗಿಸಿದಾಗ ಆ ನಿಯೋಗದಲ್ಲಿ ಅವರೂ ತಾಯ್ನಾಡಿಗೆ ಹೋಗಿಬಂದರು. 1986ರ ಅಕ್ಟೋಬರ್ 22ರಂದು, 93ನೆಯ ವಯಸ್ಸಿನಲ್ಲಿ ವುಡ್ಸ್ ಹೋಲ್‌ನಲ್ಲಿ ಕಣ್ಣುಮುಚ್ಚಿದರು. ಸೆಗೆಡ್‌ನ ವೈದ್ಯಕೀಯ ಕಾಲೇಜು ಇಂದು ಅವರ ಹೆಸರನ್ನೇ ಹೊತ್ತಿದೆ.

ವೈರಾಣುವನ್ನು ಇವು ತಡೆಯುತ್ತವೆಯೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ವೈರಾಣು ತಾನಾಗಿ ಬೆಳೆಯಲಾರದು. ಅದು ನಮ್ಮ ಜೀವಕೋಶದ ಬಾಗಿಲಿಗೆ ಅಂಟಿಕೊಂಡು, ಒಳಹೊಕ್ಕು, ಅಲ್ಲಿನ ಸರಕನ್ನೇ ಬಳಸಿ ಸಂತಾನ ಹೆಚ್ಚಿಸಿಕೊಳ್ಳಬೇಕು. ಕ್ವೆರ್ಸೆಟಿನ್, ಹೆಸ್ಪೆರಿಡಿನ್‌ನಂಥ ಫ್ಲೇವನಾಯ್ಡ್‌ಗಳು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೆಲವು ವೈರಾಣುಗಳಿಗೆ ಅಡ್ಡಿ ಮಾಡುವುದು ಕಂಡುಬಂದಿದೆ. ವೈರಾಣುವಿನ ಹೊರಮೈಗೆ ಅಂಟಿ ಅದು ಕೋಶದೊಳಗೆ ಹೋಗದಂತೆ ಮಾಡುವುದು ಒಂದು ಬಗೆ. ವೈರಾಣು ಬೆಳೆಯಲು ಬೇಕಾದ ಕಿಣ್ವವನ್ನು ಕಟ್ಟಿಹಾಕುವುದು ಇನ್ನೊಂದು ಬಗೆ.

ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯನ ಹೊಟ್ಟೆ ಬೇರೆ. ತಿಂದ ಫ್ಲೇವನಾಯ್ಡ್‌ನಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಅದನ್ನೂ ಕರುಳು ಮತ್ತು ಯಕೃತ್ತು ಬೇರೆ ರೂಪಕ್ಕೆ ಬದಲಿಸಿಬಿಡುತ್ತವೆ. ತಟ್ಟೆಯಲ್ಲಿ ವೈರಾಣುವನ್ನು ತಡೆದ ಪ್ರಮಾಣ ಊಟದಿಂದ ಮೈಯಲ್ಲಿ ಒದಗುವುದು ಕಷ್ಟ. ಆದ್ದರಿಂದ ಇಂದಿನವರೆಗೆ ಯಾವುದೇ ತರಕಾರಿ, ಹಣ್ಣು ಅಥವಾ ಅದರ ರಸವನ್ನು ವೈರಾಣು ರೋಗಕ್ಕೆ ಔಷಧವೆಂದು ವೈದ್ಯ ವಿಜ್ಞಾನ ಒಪ್ಪಿಲ್ಲ. ಸಸ್ಯವಸ್ತುವಿನಿಂದ ಔಷಧ ಬರಲಾರದೆಂದಲ್ಲ. ಇನ್‌ಫ್ಲುಯೆಂಜಾ ಜ್ವರಕ್ಕೆ ಕೊಡುವ ಒಸೆಲ್ಟಾಮಿವಿರ್ ಎಂಬ ಔಷಧ ತಯಾರಿಕೆಗೆ ಶಿಕಿಮಿಕ್ ಆಮ್ಲ ಮೂಲ ಸರಕು. ಅದು ಪಲಾವಿಗೆ ಹಾಕುವ ನಕ್ಷತ್ರ ಮೊಗ್ಗಿನಲ್ಲಿ ದೊರೆಯುತ್ತದೆ. ಆದರೆ ಅದು ಕಾರ್ಖಾನೆಯಲ್ಲಿ ಹಲವು ಹಂತ ದಾಟಿದ ಮೇಲೆಯೇ ಔಷಧ. ನಕ್ಷತ್ರ ಮೊಗ್ಗನ್ನು ಕುದಿಸಿ ಕುಡಿದರೆ ಆ ಔಷಧ ಆಗುವುದಿಲ್ಲ.

ಇನ್ನು ಸಿ ಜೀವಸತ್ವ. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ರಕ್ತದ್ರವದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಸಿ ಜೀವಸತ್ವವನ್ನು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಚರ್ಮ ಗಟ್ಟಿಯಾಗಿರಲು, ಗಾಯ ಮಾಯಲು ಇದು ಬೇಕೇ ಬೇಕು. ಆದರೆ ಹೆಚ್ಚು ತಿಂದಷ್ಟೂ ಹೆಚ್ಚು ರಕ್ಷಣೆ ಎಂಬುದು ನಿಜವಲ್ಲ. ಇನ್ನೊಬ್ಬ ನೊಬೆಲ್ ವಿಜ್ಞಾನಿ ಲೈನಸ್ ಪಾಲಿಂಗ್ 1970ರಲ್ಲಿ ಇಂಥ ಪ್ರಚಾರ ಮಾಡಿದ ಮೇಲೆ ಅನೇಕ ಪರೀಕ್ಷೆಗಳು ನಡೆದವು. 11,306 ಜನರ ಮೇಲೆ ನಡೆದ 29 ಪರೀಕ್ಷೆಗಳ ಫಲವನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದಿನವೂ 200 ಮಿಲಿಗ್ರಾಂ ಅಥವಾ ಹೆಚ್ಚು ಸಿ ಜೀವಸತ್ವ ತೆಗೆದುಕೊಂಡರೂ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ನೆಗಡಿಯ ಅವಧಿ ಮಾತ್ರ ದೊಡ್ಡವರಲ್ಲಿ ಶೇಕಡಾ 8, ಮಕ್ಕಳಲ್ಲಿ ಶೇಕಡಾ 14ರಷ್ಟು ತಗ್ಗಿತು. ಕಡು ಚಳಿಯಲ್ಲಿ ಅಥವಾ ಮೈಮುರಿಯುವ ಶ್ರಮದಲ್ಲಿದ್ದ ಸೈನಿಕರು, ದೂರದ ಓಟಗಾರರಲ್ಲಿ ನೆಗಡಿ ಅರ್ಧಕ್ಕಿಳಿಯಿತು. ನೆಗಡಿ ಶುರುವಾದ ಮೇಲೆ ನುಂಗಿದವರಿಗೆ ಖಚಿತ ಪ್ರಯೋಜನ ಕಾಣಲಿಲ್ಲ.

ಮೆಣಸಿನಕಾಯಿ ಬೆಳೆಗಾರರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗಿಡಕ್ಕೆ ಎಲೆ ಮುಟುರು ವೈರಾಣು ತಗಲಿದ ಮೇಲೆ ಯಾವ ಸಿಂಪರಣೆಯಿಂದಲೂ ಆ ಗಿಡ ವಾಸಿಯಾಗುವುದಿಲ್ಲ. ವೈರಾಣು ಹೊತ್ತು ತರುವ ಬಿಳಿನೊಣವನ್ನು ಹತೋಟಿಯಲ್ಲಿಡಬೇಕು, ರೋಗದ ಗಿಡ ಕಿತ್ತು ನಾಶಮಾಡಬೇಕು. ಒಳ್ಳೆಯ ಗೊಬ್ಬರ ಗಿಡವನ್ನು ಗಟ್ಟಿಮಾಡುತ್ತದೆ, ಆದರೆ ಬಿಳಿನೊಣ ತಡೆಯುವ ಕೆಲಸವನ್ನು ಗೊಬ್ಬರ ಮಾಡಲಾರದು. ಮನುಷ್ಯರ ವಿಷಯವೂ ಹಾಗೆಯೇ. ಆಹಾರ ಗೊಬ್ಬರವಿದ್ದಂತೆ. ಡೆಂಗೆಗೆ ಸೊಳ್ಳೆಯ ಹತೋಟಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಉಣ್ಣೆಯಿಂದ ರಕ್ಷಣೆ, ದಡಾರಕ್ಕೆ ಲಸಿಕೆ, ಇವುಗಳ ಜಾಗದಲ್ಲಿ ಯಾವ ಕಷಾಯವೂ ನಿಲ್ಲದು. ಜ್ವರ ಬಂದಾಗ ನಾಲ್ಕು ದಿನ ಕಷಾಯ ಕುಡಿಯುತ್ತ ಕಾದು, ಕೈಮೀರಿದ ಮೇಲೆ ಆಸ್ಪತ್ರೆಗೆ ಓಡುವುದು ಪ್ರಾಣಕ್ಕೆ ಅಪಾಯ.

ನಾವು ಮಾಡಬೇಕಾದ್ದು

ಪೇಟೆಯ ದುಬಾರಿ ಗುಳಿಗೆ, ಪುಡಿಗಳಿಗೆ ಹಣ ಸುರಿಯುವ ಮೊದಲು ಹಿತ್ತಲ ಕಡೆ ನೋಡೋಣ. ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಸಿ ಜೀವಸತ್ವ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು, ಅಷ್ಟೇ ತೂಕದ ಹಸಿ ಕೆಂಪು ಮೆಣಸಿನಕಾಯಿಯಲ್ಲಿ ಸುಮಾರು 140, ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ ಇದೆ. ಖಾರದ ಮೆಣಸಿನಕಾಯಿಯನ್ನು 100 ಗ್ರಾಂ ಯಾರೂ ತಿನ್ನಲಾರರು, ತಿನ್ನಲೂ ಬಾರದು. ಖಾರವಿಲ್ಲದ ದೊಣ್ಣೆ ಮೆಣಸಿನಕಾಯಿ ಧಾರಾಳವಾಗಿ ತಿನ್ನಬಹುದು. ಒಂದು ಸೀಬೆಹಣ್ಣು ತಿಂದರೆ ಆ ದಿನದ ಪಾಲು ಮುಗಿಯಿತು. ನೆಲ್ಲಿಕಾಯಿ, ನುಗ್ಗೆಸೊಪ್ಪುಗಳೂ ಇದರಲ್ಲಿ ಶ್ರೀಮಂತ.

ಸಿ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಬೆಂಕಿಗೆ ಹಾಳಾಗುತ್ತದೆ. ಆದ್ದರಿಂದ ಸೊಪ್ಪು ತರಕಾರಿಯನ್ನು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ನೀರಿನಲ್ಲಿ ನೆನೆಹಾಕಬಾರದು. ಬೇಯಿಸಿದ ನೀರನ್ನು ಚೆಲ್ಲಬಾರದು. ಪಾತ್ರೆಯ ಬಾಯಿ ಮುಚ್ಚಿ ಬೇಗ ಬೇಯಿಸಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆ ಬಳಸಬಾರದು, ತಾಮ್ರ ತಗಲಿದರೆ ಈ ಜೀವಸತ್ವ ಬೇಗ ನಾಶವಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಯೂ ಸೆಗೆಡ್‌ನ ಪಾಪ್ರಿಕಾವೂ ಒಂದೇ ಜಾತಿಯ ಗಿಡ. ಎರಡಕ್ಕೂ ಹೆಸರು ಬಂದಿರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ. 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಗುರುತು ದೊರೆತಿದೆ. ಆದರೆ ಬಿಸಿಲಿನಲ್ಲಿ ಒಣಗಿಸಿದಾಗ ಬಣ್ಣ ಉಳಿದರೂ ಸಿ ಜೀವಸತ್ವದ ಬಹುಪಾಲು ಹೋಗಿಬಿಡುತ್ತದೆ. ಆದ್ದರಿಂದ ಮಾರಲು ಒಣಗಿಸಿದರೂ ಮನೆಬಳಕೆಗೆ ಒಂದಿಷ್ಟು ಹಣ್ಣು ಮೆಣಸಿನಕಾಯಿ ಎತ್ತಿಡುವುದು ಜಾಣತನ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಸಿ ಹಣ್ಣಿಗೆ ನಿಂಬೆಹುಳಿ ಸೇರಿಸಿ ಅರೆದು, ಬೇಯಿಸದೆ ಮಾಡುವ ರಂಜಕ ರೊಟ್ಟಿಯ ಜೊತೆ ರುಚಿಗೂ ಸೈ, ಸಿ ಜೀವಸತ್ವಕ್ಕೂ ಸೈ. ಹೊಟ್ಟೆಹುಣ್ಣು ಇದ್ದವರು ಮಾತ್ರ ದೂರವಿರಬೇಕು.

ಸಿ ಜೀವಸತ್ವದ ಗುಳಿಗೆಯನ್ನು ವೈದ್ಯರ ಸಲಹೆಯಿಲ್ಲದೆ ಮನಬಂದಂತೆ ನುಂಗಬಾರದು. ದಿನಕ್ಕೆ 2 ಗ್ರಾಂ ಮೀರಿದರೆ ಭೇದಿಯಾಗುವುದುಂಟು, ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವವೂ ಇದೆ.

ಹಿತ್ತಲ ಗಿಡ ಮದ್ದಲ್ಲ ಎಂದು ಅಸಡ್ಡೆ ಮಾಡುವುದು ಒಂದು ತಪ್ಪು. ಹಿತ್ತಲ ಗಿಡವೇ ಎಲ್ಲಕ್ಕೂ ಮದ್ದು ಎಂದು ನಂಬಿ ಕೂರುವುದು ಇನ್ನೊಂದು ತಪ್ಪು. ಬೇಡವೆನಿಸಿದ ಮೆಣಸಿನಕಾಯಿಯನ್ನು ಎಸೆಯದೆ ಪರೀಕ್ಷಿಸಿ ನೋಡಿದ್ದರಿಂದಲೇ ಸೆಂಟ್ ಗ್ಯೋರ್ಗಿಗೆ ಅದರ ನಿಜವಾದ ಬೆಲೆ ತಿಳಿಯಿತು. ರೈತ ಬಾಂಧವರು ಈ ಮಳೆಗಾಲದಲ್ಲಿ ಬೇಲಿಯ ಬದಿಗೆ ಒಂದು ಸೀಬೆ, ಒಂದು ನಿಂಬೆ, ಒಂದು ನುಗ್ಗೆ ಗಿಡ ನೆಡಲಿ. ಮಕ್ಕಳಿಗೆ ಲಸಿಕೆ ಹಾಕಿಸುವುದನ್ನು ಮಾತ್ರ ಮರೆಯದಿರಲಿ.